ಮುಹೂರ್ತದ ಲಾಟು

ಮಾರ್ಚ್ 4, 2024, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಸಂತೆಯಿಂದ ಮರಳುವ ಕುಡುಕರ ಹಾಗೆ ಒಂದರ ಮೇಲೊಂದು ಬೀಳುತ್ತಿವೆ. ಬಲಗೈಯ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಹೋಗಿ ತಿಂಗಳಾಯಿತು. ಹಿರಿಯ ಹೆಬ್ಬೆರಳು ಉಳಿದಿದೆ, ಕಿರಿಯ ಕಿರುಬೆರಳು ಉಳಿದಿದೆ. ನಡುವಿನ ದುಡಿಯುವ ಮೂವರು ಹೋದರು. ಎಂಥ ಮನೆತನವಾದರೂ ಹೀಗೇ ಮುಳುಗುವುದು.

ತಪ್ಪು ನನ್ನದೇ. ನಾನು ದುಡಿಯುವ ಮಿಲ್ಲಿನ ಯಂತ್ರದಲ್ಲಿ ಕಡಲೆ ಕಟ್ಟಿಕೊಂಡಿತ್ತು, ಬಿಡಿಸಲು ಕೈ ಹಾಕಿದೆ. ಸಾಹುಕಾರರು ದವಾಖಾನೆಯ ಖರ್ಚೆಲ್ಲ ಕೊಟ್ಟರು. ದೇವರಂಥವರು. ಇಷ್ಟು ಸಾಕು, ಎಡಗೈ ಓವರ್‌ಟೈಮ್ ಕೇಳುತ್ತಿದೆ.

ಮಾರ್ಚ್ 7, ಗುರುವಾರ

ನೋಡಲು ಬರುವವರ ಕಾಟ. ಅರ್ಧ ಅಣ್ಣಿಗೇರಿ ಬಂದು ಹೋಯಿತು, ಇನ್ನರ್ಧ ದಾರಿಯಲ್ಲಿದೆ. ಬಂದವರೆಲ್ಲ ನನಗಿಂತ ಹೆಚ್ಚು ಕಳೆದುಕೊಂಡ ಒಬ್ಬರ ಕಥೆ ತಂದಿರುತ್ತಾರೆ. ಒಬ್ಬನಿಗೆ ಇಡೀ ಕೈ, ಇನ್ನೊಬ್ಬನಿಗೆ ಕಾಲು, ಯಾರದೋ ಬೀಗರಿಗೆ ಎರಡೂ. ಅವರು ಎದ್ದು ಹೋಗುವ ಹೊತ್ತಿಗೆ ಬರಿ ಮೂರು ಬೆರಳು ಕಳೆದುಕೊಂಡದ್ದಕ್ಕೆ ನನಗೇ ನಾಚಿಕೆ.

ಬಾಜೂ ಮನೆಯಾಕೆ ಬಹಳ ಹೊತ್ತು ಯೋಚಿಸಿ, “ಎಡಗೈ ಹೋಗಿದ್ರ ಚಲೋ ಇತ್ತ ನೋಡವ್ವಾ” ಎಂದಳು.

“ಹೌದ್ರಿ, ಮುಂದಿನ ಸಲ ನೆಪ್ಪ ಇಟ್ಟಿರ್ತೀನಿ” ಎಂದೆ.

“ಬಿ.ಎ. ಓದಿದಾಕಿ, ನಡಿಯೂ ಮಶೀನದಾಗ ಕೈ ಹಾಕ್ತಾಳೇನು?” ಎಂದಳು ಇನ್ನೊಬ್ಬಳು. ನಾನು ಓದಿದ್ದು ಹಳಗನ್ನಡ. ಅದರಲ್ಲಿ ಯುದ್ಧಗಳಿವೆ, ಕಡಿದ ತೋಳುಗಳು ರಾಶಿ ರಾಶಿ ಬೀಳುತ್ತವೆ, ಆದರೆ ಕಾಳು ಮೇಲೆತ್ತುವ ಎಲಿವೇಟರಿನ ಪಟ್ಟಾದ ಬಗ್ಗೆ ಯಾವ ಕವಿಯೂ ಎಚ್ಚರಿಸಿಲ್ಲ.

ಎಲ್ಲರೂ ಕೈ ನೋಡಬೇಕೆನ್ನುತ್ತಾರೆ. ಸೆರಗಿನಲ್ಲಿ ಸುತ್ತಿ ಕುಳಿತಿರುತ್ತೇನೆ. ತೆರೆದು ತೋರಿಸಲು ಇದೇನು ಹೊಸ ಬಳೆಯೇ?

ಮಾರ್ಚ್ 13, ಬುಧವಾರ

ಕುಬೇರಪ್ಪ ಕಾಕಾ ಬಂದಿದ್ದರು. ಪೇಟೆಯ ದಲಾಲಿ. ಕಡಲೆಯಿಂದ ಕನ್ಯೆಯವರೆಗೆ ಯಾವುದೇ ಇರಲಿ, ಎರಡು ಕಡೆಯವರನ್ನು ಕೂಡಿಸಿ ನಡುವೆ ಕೂರುವುದು ಅವರ ಉದ್ಯೋಗ. ಹೆಸರು ಕುಬೇರ, ಕೊಡುವುದು ಸದಾ ಬೇರೆಯವರ ದುಡ್ಡು.

“ನೋಡವ್ವಾ ಸುಮಂಗಲಾ, ಸಾವಕಾರ್ರು ಒಂದ ಮಾತ ಅಂದಾರ. ಒಂದ ಲಕ್ಷ ರೊಕ್ಕ. ಮ್ಯಾಲ ಗೇಟಿನ್ಯಾಗ ಕುರ್ಚಿ ಹಾಕಿ ಕುಂದರಸ್ತಾರ. ಬಂದ ಗಾಡಿ ನಂಬರ ಬರಕೋತ ಇದ್ದಿ ಅಂದ್ರ ಆತು. ಜೀವ ಇರೂತನಕ ಕೆಲಸ.”

“ಯಾರ ಜೀವ ಇರೂತನಕರಿ ಕಾಕಾ? ನಂದೋ, ಅವರದೋ?”

“ಏ, ಹಂಗೆಲ್ಲ ಕೇಳಬಾರದ.”

“ಹೋಗ್ಲಿ, ಬರಿಯೂದು ಯಾವ ಕೈಲೆ?”

ಅವರು ಚಹಾ ಹೀರಿದರು. ಅಂದಾನೆಪ್ಪ ಸಾಹುಕಾರರು ಅಂದಿರುವುದು ನಿಜವೇ ಇರಬೇಕು. ಹೆಸರಲ್ಲೇ ‘ಅಂದಾನ’ ಎಂದಿದೆ. ‘ಕೊಟ್ಟಾನ’ ಎಂದು ಎಲ್ಲೂ ಇಲ್ಲ.

ಆಮೇಲೆ ಕಾಕಾ ಚೀಲದಿಂದ ಟೈಪು ಮಾಡಿದ ಕಾಗದ ತೆಗೆದರು. ಓದಿದೆ. “ನನ್ನ ಸ್ವಂತ ನಿಷ್ಕಾಳಜಿಯಿಂದ, ಮಾಲಕರು ಬೇಡವೆಂದರೂ ಕೇಳದೆ, ನಡೆಯುವ ಯಂತ್ರದಲ್ಲಿ ಕೈ ಹಾಕಿ ಗಾಯ ಮಾಡಿಕೊಂಡಿರುತ್ತೇನೆ. ಮುಂದೆ ಯಾವ ತಕರಾರೂ ಇರುವುದಿಲ್ಲ.” ಗಾಯ ಮಾಡಿಕೊಂಡಿರುತ್ತೇನಂತೆ, ಹಬ್ಬಕ್ಕೆ ಹೋಳಿಗೆ ಮಾಡಿಕೊಂಡ ಹಾಗೆ.

ಸ್ವಂತ ನಿಷ್ಕಾಳಜಿ ಎಂಬುದನ್ನು ನಾನೇ ಊರಿಗೆಲ್ಲ ಹೇಳಿಕೊಂಡಿದ್ದೇನೆ, ಅದಿರಲಿ. “ಬೇಡವೆಂದರೂ ಕೇಳದೆ” ಎಲ್ಲಿಂದ ಬಂತು? ಬೇಡ ಎಂದವರು ಯಾರು? ಕಾಕಾರನ್ನು ಕೇಳಿದರೆ, “ಅದು ಬರಿಯೂ ಪದ್ಧತಿ ಅವ್ವಾ, ಮದವಿ ಪತ್ರಿಕಾದಾಗ ‘ಸಕುಟುಂಬ ಪರಿವಾರ’ ಅಂತ ಇರ್ತದಲ್ಲ, ಹಂಗ” ಎಂದರು.

ಅಷ್ಟರಲ್ಲಿ ಅತ್ತೆ ದುಂಡವ್ವ ಒಲೆಯ ಮುಂದಿನಿಂದ ಕೂಗಿದರು: “ರೊಟ್ಟಿ ಯಾರ ಬಡಿಬೇಕೋ ಕುಬೇರಾ? ನಿನ್ನ ಸಾವಕಾರ ಬಂದ ಬಡಿತಾನೇನು? ಅದನ್ನೂ ಆ ಕಾಗದದಾಗ ಬರಿ.”

ಕಾಕಾ ಎರಡನೆಯ ಚಹಾಕ್ಕೆ ನಿಲ್ಲಲಿಲ್ಲ. ಕಾಗದ ಮಾತ್ರ ಬಿಟ್ಟು ಹೋದರು.

ಮಾರ್ಚ್ 15, ಶುಕ್ರವಾರ

ಜಗಳ. ನಮ್ಮವರದು ಒಂದೇ ಹಾಡು.

“ಸಹಿ ಮಾಡಿ ಕೈ ತೊಳಕೊ ಸುಮಾ.”

“ಅರ್ಧ ಕೈ ಉಳದೇತ್ರಿ. ಅರ್ಧ ತಂಬಗಿ ನೀರ ಸಾಕು.”

“ಎಲ್ಲಾದಕ್ಕೂ ಚಾಷ್ಟಿ. ಟೆಂಪೊ ಯಾರ ಲೋಡಿನ ಮ್ಯಾಲ ನಡದೈತಿ? ನಾಳೆ ಸಾವಕಾರ್ರು ಬ್ಯಾಡ ಅಂದ್ರ ಕಂತ ಯಾರ ತುಂಬ್ತಾರ?”

ನನ್ನ ಗಂಡ ಸಿದ್ಧಲಿಂಗ ಹೇಳುವುದು ಸುಳ್ಳಲ್ಲ. ಅವರ ಟೆಂಪೊ ಹೊರುವ ಮೂಟೆಗಳಲ್ಲಿ ಮುಕ್ಕಾಲು ಮಿಲ್ಲಿನವು. ನನ್ನ ಬೆರಳು ಮಿಲ್ಲಿಗೆ ಸಿಕ್ಕಿದ್ದು ಒಮ್ಮೆ, ಇವರ ಕುತ್ತಿಗೆ ಸಿಕ್ಕಿರುವುದು ದಿನಾ.

ಆದರೆ ಸಿಟ್ಟು ಮಾಡುವ ಅನುಕೂಲವೂ ನನಗಿಲ್ಲ. ಬೆಳಿಗ್ಗೆ ಕೈ ತೊಳೆದು ಮುಲಾಮು ಹಚ್ಚಿ ಪಟ್ಟಿ ಕಟ್ಟುವವರು ಅವರೇ, ಜಡೆ ಹೆಣೆಯುವವರೂ ಅವರೇ. ಮೂಟೆ ಬಿಗಿದು ರೂಢಿಯಾದ ಕೈ. ಇವರು ಹೆಣೆದ ಜಡೆ ಹುಬ್ಬಳ್ಳಿಗೆ ಹೋಗಿ ಬಂದರೂ ಬಿಚ್ಚದು. ಹುಬ್ಬು ಮೇಲಕ್ಕೆ ಎಳೆದುಕೊಂಡು ಇಡೀ ದಿನ ಆಶ್ಚರ್ಯಗೊಂಡವಳ ಹಾಗೆ ಓಡಾಡುತ್ತೇನೆ. ಇವತ್ತು ಜಗಳವಾಡಿಯೂ ಹೆಣೆದರು. ಇನ್ನಷ್ಟು ಬಿಗಿಯಾಗಿ.

ಲಕ್ಷ ರೂಪಾಯಿ, ಕುರ್ಚಿ, ಟೆಂಪೊ ಒಂದು ಕಡೆ. ಒಂದು ಸಾಲು ಸುಳ್ಳು ಇನ್ನೊಂದು ಕಡೆ. ಊರಿನವರನ್ನು ಕೇಳಿದರೆ ಇದನ್ನು ತೂಗಲು ತಕ್ಕಡಿಯೇ ಬೇಡ ಎನ್ನುತ್ತಾರೆ. ನಾನೂ ಬಹುಶಃ ಸಹಿ ಮಾಡುತ್ತೇನೆ. ಬಗೆಹರಿದರೆ ಸಾಕಾಗಿದೆ.

ಮಾರ್ಚ್ 21, ಗುರುವಾರ

ರಜಿಯಾಬಿ ಬಂದಿದ್ದಳು, ಜೊತೆಗೆ ತಂಗಿಯ ಮಗಳು ತಬಸುಮ್. ಹುಡುಗಿ ಧಾರವಾಡದಲ್ಲಿ ವಕೀಲೆ. ಕರಿ ಕೋಟು ಬ್ಯಾಗಿನಲ್ಲಿತ್ತು, ಗಾಂಭೀರ್ಯ ಮುಖದ ಮೇಲಿತ್ತು. ರಜಿಯಾಬಿ ಮತ್ತು ನಾನು ಮಿಲ್ಲಿನಲ್ಲಿ ಏಳು ವರ್ಷ ಒಟ್ಟಿಗೆ ಕಡಲೆ ಸೋಸಿದವರು. ನನ್ನ ಕೈ ಸಿಕ್ಕಾಗ ಓಡಿ ಹೋಗಿ ಸ್ವಿಚ್ಚು ಕೆಳಗೆ ಎಳೆದವಳು ಅವಳೇ. ಇಲ್ಲದಿದ್ದರೆ ಇಡೀ ಕೈ ಹೋಗಿ ಬಾಜೂ ಮನೆಯವರ ಕಥೆಗಳ ಸಾಲಿಗೆ ಸೇರುತ್ತಿದ್ದೆ.

ಕಾಗದ ತೋರಿಸಿದೆ. ತಬಸುಮ್ ಓದಿ, “ಅಕ್ಕಾರ, ಇದನ್ನ ಬರದಾವ ಶ್ಯಾಣ್ಯಾ ಅದಾನ್ರಿ” ಎಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆದಿಡುತ್ತೇನೆ. ಕೆಲಸದಲ್ಲಿ ಗಾಯವಾದರೆ ಪರಿಹಾರಕ್ಕೆ ಕಾಯ್ದೆ ಇದೆ, ಅದರಲ್ಲಿ ಅಂಗಾಂಗಗಳ ಪಟ್ಟಿ ಇದೆ. ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ ಮೂವತ್ತರಷ್ಟು ಹೋದ ಲೆಕ್ಕ. ಹೆಬ್ಬೆರಳು ಒಂದಕ್ಕೇ ಮೂವತ್ತು. ಇದನ್ನು ಕೇಳಿದಾಗಿನಿಂದ ನನ್ನ ಹೆಬ್ಬೆರಳು ಸೊಕ್ಕಿನಿಂದ ನಿಂತಿದೆ. ನನ್ನ ವಯಸ್ಸು, ಪಗಾರ ಕೂಡಿಸಿ ಗುಣಿಸಿದರೆ ನಾಲ್ಕು ಲಕ್ಷದ ಮೇಲೆ ಬರಬೇಕು.

“ಆದ್ರ ತಪ್ಪು ನಂದಲ್ಲವಾ ತಂಗಿ?”

“ನಿಷ್ಕಾಳಜಿ ಆದ್ರೂ ಕಾಯ್ದೆ ಕೊಡ್ತೈತ್ರಿ. ಮಾಲಕ ಬ್ಯಾಡ ಅಂತ ಹುಕುಂ ಮಾಡಿದ್ದ, ಬೇಕಂತ ಮೀರಿದ್ರು ಅಂತಾದ್ರ ಮಾತ್ರ ಕೊಡೂದಿಲ್ಲ. ಅದಕ್ಕ ಆ ಮೂರು ಶಬ್ದ ತುರುಕ್ಯಾರ. ಅದರ ಮ್ಯಾಲ ಸಹಿ ಬಿತ್ತಂದ್ರ ಮುಂದ ಕೋರ್ಟಿಗೆ ಹೋದ್ರೂ ನಿಮ್ಮ ಕಾಗದಾನ ನಿಮ್ಮ ಎದರ ಸಾಕ್ಷಿ ಹೇಳ್ತೈತಿ.”

ರಜಿಯಾಬಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. “ಬ್ಯಾಡ ಅಂದಿದ್ನಂತ? ಯಾಕಬೇ ಸುಮಂಗಲಾ, ಅವತ್ತ ಯಾವ ಲಾಟ್ ಇತ್ತ, ಮರತೇನು?”

ಮರೆಯುವುದು ಹೇಗೆ? ಮುಹೂರ್ತದ ಲಾಟು. ವರ್ಷದ ಹೊಸ ಕಡಲೆ ಬಂದಾಗ ಸಾಹುಕಾರರು ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ತಾವೇ ಸ್ವಿಚ್ಚು ಹಾಕುತ್ತಾರೆ. ಆ ಮೊದಲ ಲಾಟು ಮುಗಿಯುವವರೆಗೆ ಯಂತ್ರ ನಿಲ್ಲಬಾರದು. ನಡುವೆ ನಿಂತರೆ ವರ್ಷವಿಡೀ ವ್ಯಾಪಾರ ನಿಲ್ಲುತ್ತದೆ ಎಂಬುದು ಅವರ ತಂದೆಯ ಕಾಲದ ನಂಬಿಕೆ. ಬೇರೆ ದಿನ ಕಾಳು ಕಟ್ಟಿದರೆ ಬಂದ್ ಮಾಡಿ ಬಿಡಿಸುತ್ತೇವೆ. ಮುಹೂರ್ತದ ದಿನ ನಡೆಯುವಾಗಲೇ ಕೈ ಹಾಕುತ್ತೇವೆ. ಪಟ್ಟಾದ ಮೇಲೆ ಮೊದಲು ತಂತಿಯ ಜಾಲರಿ ಇತ್ತು. ಹೀಗೆ ಕೈ ಹಾಕಲು ಅಡ್ಡಿಯೆಂದು ಅದನ್ನು ತೆಗೆದು ಮೂಲೆಗಿಟ್ಟು ಮೂರು ಹಂಗಾಮು ಆಯಿತು.

“ನಿನ್ನ ಗಾಡ್ಯಾಗ ಹಾಕ್ಕೊಂಡ ಹೋದ ಮ್ಯಾಲ ಏನಾತ ಗೊತ್ತೇನು?” ಎಂದಳು ರಜಿಯಾಬಿ. “ಮಶೀನ ತೊಳಸಿದ್ರು. ಹೊಸಾ ಕಾಯಿ ತರಿಸಿ ಒಡದ್ರು, ಕುಂಬಳಕಾಯಿ ಒಡದ್ರು. ಲಾಟ್ ನಿಂತ ಅಪಶಕುನ ಆತಂತ ಮತ್ತ ಮೊದಲಿಂದ ಶುರು ಮಾಡಿದ್ರು. ನಾ ಸ್ವಿಚ್ ಎಳದಾಕಿ ಅಂತ ಒಂದ ವಾರ ಆ ಸ್ವಿಚ್ಚಿನ ಗ್ವಾಡಿ ಬಾಜೂಕ ನನ್ನ ಬಿಡಲಿಲ್ಲ.”

ನನಗಿದು ಗೊತ್ತಿರಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದೆ.

ಮಾರ್ಚ್ 22, ಶುಕ್ರವಾರ

ಕುಂಬಳಕಾಯಿಯನ್ನೂ ಒಡೆದರಂತೆ.

ಏಪ್ರಿಲ್ 9, ಮಂಗಳವಾರ, ಯುಗಾದಿ

ಬೇವು ನಮ್ಮ ಮನೆಯಲ್ಲಿ, ಬೆಲ್ಲ ಸಾಹುಕಾರರ ಅಂಗಡಿಯಲ್ಲಿ.

ಪಾಡ್ಯದ ದಿನ ಮಾತು ಮುಗಿಸಿದರೆ ಶುಭವೆಂದು ಕುಬೇರಪ್ಪ ಕಾಕಾ ನಮ್ಮಿಬ್ಬರನ್ನೂ ಕರೆಸಿದ್ದರು. ಪೇಟೆಯ ಅಂಗಡಿ. ಅಂದಾನೆಪ್ಪ ಸಾಹುಕಾರರು ಗಾದಿಯ ಮೇಲೆ, ಬಾಗಿಲ ಬಳಿ ಇಬ್ಬರು ಹಮಾಲರು, ಗೋಡೆಗೆ ಒರಗಿ ಗುಮಾಸ್ತ. ನಮ್ಮವರು ಇಸ್ತ್ರಿ ಅಂಗಿ ಹಾಕಿದ್ದರು. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬದಿಗೆ ಕುಳಿತೆ.

ಬೆಲ್ಲ ಹಂಚಿ, ಮಳೆಯ ಮಾತಾಡಿ, ಬಿಸಿಲನ್ನು ಬೈದು ಮುಗಿಸಿದ ಮೇಲೆ ಸಾಹುಕಾರರು, “ನಮ್ಮ ಮನಿ ಮಗಳಿದ್ದಂಗ ಅಕಿ. ಒಂದು ಅಂದೀನಿ, ಹೆಚ್ಚುಕಮ್ಮಿ ಮಾಡೂಣು. ಆದ್ರ ನಾಲ್ಕ ಮಂದಿ ಮುಂದ ಬಾಯಿಲೆ ರೊಕ್ಕದ ಮಾತ ಬ್ಯಾಡ” ಎಂದರು.

ಕುಬೇರಪ್ಪ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದರು. ಸಾಹುಕಾರರ ಕೈಯನ್ನೂ ಸಿದ್ಧಲಿಂಗನ ಕೈಯನ್ನೂ ಹತ್ತಿರ ಎಳೆದು ಮೇಲೆ ಹೊದಿಸಿಬಿಟ್ಟರು.

ದನದ ಪೇಟೆಯಲ್ಲಿ ಇನ್ನೂ ಇದೇ ರೂಢಿ. ಕೊಳ್ಳುವವನು ಟವೆಲಿನ ಕೆಳಗೆ ಮಾರುವವನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಒಪ್ಪಿಗೆಯಿಲ್ಲದಿದ್ದರೆ ಕೈ ಕೊಡವುತ್ತಾನೆ. ದರ ಅವರಿಬ್ಬರಿಗೆ ಮಾತ್ರ ಗೊತ್ತು, ಮಾನ ಎಲ್ಲರದೂ ಉಳಿಯುತ್ತದೆ. ಎತ್ತಿಗೆ ಬಾಯಿಲ್ಲ, ಅದರ ಮುಂದೆ ಗುಟ್ಟಾಗಿ ಬೆಲೆ ಕಟ್ಟಿದರೆ ಅದೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲಿ ಮಾಲು ನಾನು. ಎರಡು ಮೊಳ ದೂರದಲ್ಲಿ, ಬಿ.ಎ. ಪಾಸಾಗಿ, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಕುಳಿತಿದ್ದೇನೆ. ನನ್ನ ಬೆರಳುಗಳ ದರವನ್ನು ಬೆರಳಿರುವ ಇಬ್ಬರು ಗಂಡಸರು ಬಟ್ಟೆಯ ಕೆಳಗೆ ಮಾತಾಡಿಕೊಳ್ಳುತ್ತಿದ್ದಾರೆ!

ಟವೆಲ್ ಒಮ್ಮೆ ಅಲುಗಿತು. ನಮ್ಮವರು ನನ್ನ ಕಡೆ ನೋಡಿದರು. ಪಾಪ, ಈ ವಿದ್ಯೆ ಅವರಿಗೆ ಬಾರದು. ತಲೆ ಅಲುಗಾಡಿಸುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

“ಎಷ್ಟ್ರಿ?” ಎಂದೆ.

“ತಡಿಯವ್ವಾ, ಗಂಡಸರ ಮಾತ ನಡದೈತಿ” ಎಂದರು ಕಾಕಾ.

ಆಗ ಏನು ಯೋಚಿಸಿದೆ ಎಂದು ಈಗ ಬರೆಯಹೊರಟರೆ ಯೋಚಿಸಿದ ನೆನಪೇ ಇಲ್ಲ. ಎದ್ದು ಹೋಗಿ, ನಮ್ಮವರ ಮೊಣಕೈ ಹಿಡಿದು ಸರಿಸಿ, ಟವೆಲಿನ ಕೆಳಗೆ ನನ್ನ ಬಲಗೈ ಇಟ್ಟೆ.

ಸಾಹುಕಾರರು ಆ ಕ್ಷಣ ಗುಮಾಸ್ತನಿಗೆ ಏನೋ ಹೇಳುತ್ತಿದ್ದರು. ರೂಢಿಯ ಕೈ, ತಾನೇ ಎರಡು ಬೆರಳು ಹಿಡಿಯಲು ಬಂತು. ಸಿಗಲಿಲ್ಲ. ಇನ್ನೂ ಸ್ವಲ್ಪ ಹುಡುಕಿತು. ಮೊಂಡು ಗಂಟುಗಳ ಮೇಲೆ ಹರಿದಾಡಿತು, ಕಿರುಬೆರಳಿನವರೆಗೆ ಹೋಗಿ ಹಿಂದಕ್ಕೆ ಬಂತು. ಅವರ ಮಾತು ನಡುವೆಯೇ ನಿಂತಿತು. ತಿರುಗಿ ನನ್ನನ್ನು ನೋಡಿದರು. ಕಾದ ಹಂಚು ಮುಟ್ಟಿದವರ ಹಾಗೆ ಕೈ ಎಳೆದುಕೊಂಡ ರಭಸಕ್ಕೆ ಟವೆಲ್ ಜಾರಿ ಗಾದಿಯ ಮೇಲೆ ಬಿತ್ತು.

ಎರಡು ತಿಂಗಳಲ್ಲಿ ಅವರು ಆ ಕೈ ನೋಡಿದ್ದು ಅದೇ ಮೊದಲು. ದವಾಖಾನೆಯ ಬಿಲ್ಲು ಮಾತ್ರ ನೋಡಿದ್ದರು.

“ಎಣಸ್ರಿ ಸಾವಕಾರ್ರ. ಯಾಕ ಬಿಟ್ರಿ? ದರ ನನ್ನ ಕೈದು, ಮತ್ತೊಬ್ಬರ ಕೈ ಹಿಡದ ಹೆಂಗ ಲೆಕ್ಕ ಹತ್ತತೈತಿ?”

ಹಮಾಲರು ಬಾಗಿಲು ಬಿಟ್ಟು ಒಳಗೆ ಬಂದಿದ್ದರು.

“ಅವ್ವಾ, ಅಂತಾದ್ದಲ್ಲ...” ಎಂದರು ಸಾಹುಕಾರರು. “ನಾ ಏನ ನಿನಗ ಕೈ ಹಾಕ ಅಂದಿದ್ನೇನು?”

“ಕೈ ಹಾಕಬ್ಯಾಡ ಅಂದಿದ್ರೇನ್ರಿ?”

“ಕೈ ಹಾಕಬ್ಯಾಡ ಅಂತ ಹೇಳಿಲ್ಲ. ನಿಲ್ಲಸಬ್ಯಾಡ ಅಂತ ಅಷ್ಟ ಹೇಳಿದ್ದೆ.”

ಗುಮಾಸ್ತ ತಲೆ ತಗ್ಗಿಸಿದ.

“ನಿಂತದ್ದಕ್ಕ ಅದ ದಿನಾ ಹೊಸಾ ಕಾಯಿ ಒಡದ್ರಂತ, ಕುಂಬಳಕಾಯಿ ಒಡದ್ರಂತ. ಮಶೀನಿಗೆ ಪರಿಹಾರ ಸಂಜಿಯೊಳಗ ಆತು. ನಂದು ಎರಡ ತಿಂಗಳಾತ್ರಿ, ಇನ್ನೂ ಟವೆಲಿನ ಬುಡಕ ಐತಿ.”

ಸಾಹುಕಾರರು ತಮ್ಮ ಅಂಗೈಯನ್ನು ಧೋತರಕ್ಕೆ ಒರೆಸುತ್ತಾ ಕುಳಿತಿದ್ದರು. ನಾನು ಹೊರಗೆ ಬಂದೆ. ನಮ್ಮವರು ಹಿಂದೆ ಬಂದರು. ಟೆಂಪೊ ಹತ್ತಿ ಮನೆಗೆ ಬಂದೆವು. ಇಳಿಯುವಾಗ ನೋಡಿಕೊಂಡೆ: ಸೆರಗು ಹೆಗಲ ಮೇಲೆಯೇ ಇತ್ತು, ಕೈ ಹೊರಗಿತ್ತು.

ಏಪ್ರಿಲ್ 10, ಬುಧವಾರ

ಮಿಲ್ಲಿನಿಂದ ಫೋನು. ಲೋಡು ಸದ್ಯಕ್ಕೆ ಬೇಡವಂತೆ. ಅಂದುಕೊಂಡದ್ದೇ.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅತ್ತೆ, “ಗಂಡಸರ ಟವೆಲದಾಗ ಕೈ ಹಾಕಿದೆಂತ. ಮಾನಾ ಮರ್ಯಾದಿ ಐತಿಲ್ಲೋ?” ಎಂದು ಬೈದರು. ಬೈಯುತ್ತಲೇ ತಾಟಿಗೆ ಇನ್ನೊಂದು ಹೋಳಿಗೆ, ಮೇಲೆ ತುಪ್ಪ. ಸ್ವಲ್ಪ ಹೊತ್ತಿನ ಮೇಲೆ, “ಅಂವ ಹೆಂಗ ಕೈ ಎಳಕೊಂಡ? ಮತ್ತೊಮ್ಮೆ ಹೇಳು” ಎಂದರು. ಒಟ್ಟು ಮೂರು ಸಲ ಹೇಳಿಸಿದರು.

ನಮ್ಮವರು ಬೆಳಿಗ್ಗೆ ಜಡೆ ಹೆಣೆದರು. ಎಂದಿನಷ್ಟು ಬಿಗಿಯಿರಲಿಲ್ಲ. ಸಿಟ್ಟೋ ಸುಸ್ತೋ ತಿಳಿಯದು. ಟೆಂಪೊ ಮನೆಯ ಮುಂದೆ ದಂಡಕ್ಕೆ ನಿಂತಿದೆ. ಕಂತು ಮಾತ್ರ ಓಡುತ್ತಿದೆ.

ಏಪ್ರಿಲ್ 19, ಶುಕ್ರವಾರ

ಮತ್ತೆ ಕುಬೇರಪ್ಪ ಕಾಕಾ. ಇವತ್ತು ಹೆಗಲ ಮೇಲೆ ಟವೆಲ್ ಇರಲಿಲ್ಲ.

“ನಾಲ್ಕು ಲಕ್ಷ” ಎಂದರು ಬಾಯಿ ಬಿಟ್ಟು, ಬಾಗಿಲು ತೆರೆದಿರುವಾಗಲೇ. “ಅವತ್ತಿಂದ ಸಾವಕಾರ್ರು ಸರಿಯಾಗಿ ಉಂಡಿಲ್ಲ. ಕಾಯ್ದೆ ಎಷ್ಟ ಅಂತೈತಿ ಅಷ್ಟೂ ಕೊಡ್ತಾರ. ಟೆಂಪೊಕ್ಕ ಲೋಡ ನಾಳಿಂದ ಚಾಲೂ.”

ನಾಲ್ಕು ಲಕ್ಷ! ಟೆಂಪೊ ನಮ್ಮದೇ ಆಗುತ್ತದೆ. ಕೋರ್ಟಿನಲ್ಲಿ ಇಷ್ಟೇ ಪಡೆಯಲು ಎಷ್ಟು ಯುಗಾದಿ ಬೇಕೋ.

“ಆತ್ರಿ” ಎಂದೇಬಿಟ್ಟೆ. “ತಬಸುಮ್‌ನ ಕರಿಸಿ ಕೋರ್ಟಿನ್ಯಾಗ ಇದನ್ನ ದಾಖಲ ಮಾಡೂಣು. ಆ ‘ಬ್ಯಾಡಂದ್ರೂ ಕೇಳದ’ ತಗದ ಬಿಡ್ರಿ. ಮತ್ತ ಪಟ್ಟಾದ ಜಾಲರಿ ಹಾಕಸ್ರಿ. ಈಗಲ್ಲಿ ರಜಿಯಾಬಿ ನಿಂದರತಾಳ.”

ಕಾಕಾರ ಮುಖ ಕಟ್ಟಿಕೊಂಡಿತು. “ಕೋರ್ಟ ಬ್ಯಾಡ. ಮನ್ಯಾಗ ಮುಗಸೂಣು. ಮತ್ತ ಆ ಸಾಲು ಇರಬೇಕವ್ವಾ. ತಗದ್ರ ಸಾವಕಾರ್ರ ತಪ್ಪ ಅಂತಾಕ್ಕೈತಿ. ನಾಳೆ ಆಫೀಸರು ಬಂದ್ರ ತೋರಸಾಕ ಒಂದ ಕಾಗದ ಬೇಕಲ್ಲ?”

“ಜಾಲರಿ?”

“ಈಗ ಜಾಲರಿ ಹಾಕಿದ್ರ, ಮೊದಲ ಇರಲಿಲ್ಲ ಅಂತ ಒಪ್ಪಿಗೊಂಡಂಗ ಆಕ್ಕೈತೆಲ್ಲ!”

ಇಷ್ಟು ಶುದ್ಧ ತರ್ಕವನ್ನು ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ. ಎರಡನೆಯ ಕೈ ಹೋದರೂ ಚಿಂತೆಯಿಲ್ಲ, ಮೊದಲನೆಯದು ಹೋದದ್ದು ಗೊತ್ತಾಗಬಾರದು.

ನಗಬೇಕೆಂದುಕೊಂಡೆ, ಬರಲಿಲ್ಲ. ಕಾಗದ ಮುಂದಿತ್ತು. ಪೆನ್ನು ಮುಂದಿತ್ತು. ಇಲ್ಲಿ ಸುಳ್ಳು ಬರೆಯುವುದಿಲ್ಲ: ಎಡಗೈ ಪೆನ್ನಿನ ಕಡೆ ಹೋಗಿತ್ತು. ಒಂದು ಸಾಲು. ಓದುವವರು ಯಾರು? ನಾನು ಮಾಡಿದ ವ್ಯಾಕರಣದ ತಪ್ಪುಗಳಲ್ಲಿ ಇನ್ನೊಂದು ಎಂದುಕೊಂಡರಾಯಿತು.

ಆಗ ಬಾಗಿಲ ಬಳಿ ಟೆಂಪೊದ ಟೈರು ಒರೆಸುತ್ತಿದ್ದ ನಮ್ಮವರು ಒಳಗೆ ಬಂದರು.

“ಕಾಕಾ, ಅಕಿ ಕೈ ದಿನಾ ಮುಂಜಾನೆ ನಾ ತೊಳೀತೇನಿ. ನೀರ ತಾಕಿದ್ರ ಅಕಿ ಏನ ಮಾಡ್ತಾಳ ಗೊತ್ತೇನ್ರಿ? ಚಾಷ್ಟಿ ಮಾಡ್ತಾಳ. ಮಾತ ನಿಂತ್ರ ಅಳು ಬರ್ತೈತಂತ ಬಾಯಿ ಮುಚ್ಚದ ಮಾತಾಡ್ತಾಳ. ಆ ಸಾಲಿನ ಮ್ಯಾಲ ಸಹಿ ಮಾಡಿದ್ಲಂದ್ರ ಜೀವ ಇರೂತನಕ ನಾ ಆ ಚಾಷ್ಟಿ ಕೇಳಬೇಕು. ನನಗ ಆಗೂದಿಲ್ಲ. ಕಾಗದ ಒಯ್ರಿ.”

“ಟೆಂಪೊ ಮಾರಬೇಕಾದೀತೋ ತಮ್ಮಾ.”

“ಮಾರೂಣಂತ.”

ಕಾಕಾ ಹೋದರು. ನಾನು ಚಹಾ ಮಾಡಿಕೊಟ್ಟೆ. ನಾನು ಮಾತಾಡುವುದು ಇವರಿಗೆ ಹಾಗೆ ಕೇಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಇಲ್ಲದ್ದೆಲ್ಲ ಹೇಳುತ್ತಾರೆ.

ಮೇ 7, ಮಂಗಳವಾರ

ಮತದಾನ. ಶಾಯಿ ಹಚ್ಚುವುದು ಎಡಗೈ ತೋರುಬೆರಳಿಗೆ. ಪ್ರಜಾಪ್ರಭುತ್ವ ಪಾರಾಯಿತು.

ನಮ್ಮವರು ನವಲಗುಂದದ ಕಡೆ ಗೊಬ್ಬರದ ಲೋಡು ಹಿಡಿದಿದ್ದಾರೆ. ಬಾಡಿಗೆ ಕಡಿಮೆ, ದಾರಿ ಉದ್ದ. ಒಂದು ಕಂತು ತಪ್ಪಿದೆ. ಬ್ಯಾಂಕಿನವನು ಫೋನು ಮಾಡಿದಾಗ ಅತ್ತೆ ತೆಗೆದು, ಕಿವಿ ಕೇಳದವರ ಹಾಗೆ ಅವನಿಂದ ಅವನ ಇಡೀ ಮನೆತನದ ಹೆಸರು ಹೇಳಿಸಿದರಂತೆ.

ಕೋರ್ಟಿಗೆ ಬೇಸಿಗೆ ರಜೆ. ನ್ಯಾಯಕ್ಕೂ ಬಿಸಿಲು ತಾಳದು.

ಜೂನ್ 12, ಬುಧವಾರ

ಧಾರವಾಡಕ್ಕೆ ಹೋಗಿ ಬಂದೆವು. ನಾನು, ನಮ್ಮವರು, ರಜಿಯಾಬಿ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ರಜಿಯಾಬಿಯನ್ನು ಕೇಳಿದೆ: “ಸಾಕ್ಷಿಗೆ ಹೆಸರ ಕೊಟ್ರ ಮಿಲ್ಲಿಗೆ ಬರಬ್ಯಾಡ ಅಂತಾರ. ವಿಚಾರ ಮಾಡಿಯೇನು?”

“ಮಾಡೇನಿ. ಆ ಜಾಗಾದಾಗ ದಿನಾ ನಿಂತ ವಿಚಾರ ಮಾಡೇನಿ. ನೀ ಸುಮ್ಮನ ಬಸ್ಸ ಹತ್ತಬೇ.”

ತಬಸುಮ್ ಅರ್ಜಿಯನ್ನೆಲ್ಲ ಟೈಪು ಮಾಡಿಸಿದ್ದಳು. ಅಪಘಾತ ಹೇಗಾಯಿತು ಎಂಬ ಕಡೆ ಮಾತ್ರ ಜಾಗ ಬಿಟ್ಟಿದ್ದಳು. ವಕೀಲರ ಭಾಷೆಯಲ್ಲಿ ತಾನು ಬರೆದರೆ ಎಲ್ಲರ ಅರ್ಜಿಯ ಹಾಗೆ ಕಾಣುತ್ತದಂತೆ. ಕೋರ್ಟಿನ ಹೊರಗೆ ಕಲ್ಲಿನ ಕಟ್ಟೆಯ ಮೇಲೆ ಕುಳಿತು, ಬಲಗೈಯಿಂದ ಕಾಗದ ಒತ್ತಿ ಹಿಡಿದು, ಎಡಗೈಯಿಂದ ಬರೆದೆ. ಬರೆದದ್ದನ್ನು ಅವಳು ಓದಿ, “ಇಷ್ಟ ಸಾಕೇನ್ರಿ ಅಕ್ಕಾರ?” ಎಂದಳು.

“ಇಷ್ಟ ಆಗಿದ್ದವ್ವಾ.”

ಒಳಗೆ ಕೋರ್ಟಿನ ಗುಮಾಸ್ತನ ಮುಂದೆ ಸಾಲು. ಊಟದ ಹೊತ್ತು ಹತ್ತಿರ ಬಂದಿತ್ತು, ಅವನ ಸಹನೆ ಆಗಲೇ ಊಟಕ್ಕೆ ಹೋಗಿತ್ತು. ಪುಟ ತಿರುವಿ, “ಇದ್ಯಾರ ಅಕ್ಷರ? ಸಾಲಿ ಹುಡುಗರು ಬರದಂಗೈತಲ್ಲ” ಎಂದ.

“ನಂದರಿ” ಎಂದು ಮೇಜಿನ ಮೇಲೆ ಎರಡೂ ಕೈ ಇಟ್ಟೆ.

ಅವನು ನೋಡಿದ. ಕನ್ನಡಕ ಏರಿಸಿದ. ತಪ್ಪಿದ್ದರೆ ಈಗಲೇ ತಿದ್ದೋಣವೆಂದು ಗಟ್ಟಿಯಾಗಿ ಓದತೊಡಗಿದ.

“ಯಂತ್ರ ನಡೆದಿತ್ತು. ಪೂಜೆ ಮಾಡಿದ ಮೊದಲ ಲಾಟು ಮುಗಿಯುವವರೆಗೆ ನಿಲ್ಲಿಸಬಾರದೆಂದು ಮಾಲಕರು ಹೇಳಿದ್ದರು. ಪಟ್ಟಾದ ಮೇಲೆ ಜಾಲರಿ ಇರಲಿಲ್ಲ. ಕಾಳು ಕಟ್ಟಿಕೊಂಡಿತು. ನಾನು ನಿಲ್ಲಿಸಲಿಲ್ಲ, ಕೈ ಹಾಕಿದೆ. ರಜಿಯಾಬಿ ನಿಲ್ಲಿಸಿದಳು.”

ಮುಂದೇನಾದರೂ ಇದೆಯೇ ಎಂದು ಪುಟದ ಹಿಂದೆ ನೋಡಿದ. ಇರಲಿಲ್ಲ.

“ತಿದ್ದೂದು ಐತೇನ್ರಿ?”

“ಇಲ್ರಿ.”

ಅವನು ಸಿಕ್ಕೆ ಒತ್ತಿದ. ರಜಿಯಾಬಿ ಹಿಂದಿನಿಂದ ತಲೆ ಹಾಕಿ, “ನನ್ನ ಹೆಸರ ಐತಲ್ಲ, ಅದನ್ನ ಮತ್ತೊಮ್ಮೆ ಓದ್ರಿ ಸಾಹೇಬ್ರ” ಎಂದಳು. ಅವನು ಗಡಿಯಾರ ನೋಡಿದ, ಅವಳನ್ನು ನೋಡಿದ, ಮತ್ತೆ ಓದಿದ.